ಕೆರೆಯಂಗಳದ ಓಟ

1997ರ ಜೂನ್ ತಿಂಗಳ ಒಂದು ಸಂಜೆ ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದ ಮೆಟ್ಟಿಲುಗಳ ಮೇಲೆ ನಾವು ಮೂರು ತಲೆಮಾರಿನ ಹೆಂಗಸರು ಕೂತಿದ್ದೆವು. ನಡುವೆ ನಾನು, ಎಡಕ್ಕೆ ನಮ್ಮತ್ತೆ, ಬಲಕ್ಕೆ ಹನ್ನೆರಡು ವರ್ಷದ ನನ್ನ ಮಗಳು. ಅದು ರಾಷ್ಟ್ರೀಯ ಕ್ರೀಡಾಕೂಟದ ಸಂಭ್ರಮ. ಊರಿಗೆ ಊರೇ ಅದರ ಮಾತಾಡುತ್ತಿತ್ತು. ಶಾಲೆಯಲ್ಲಿ ಓಟಕ್ಕೆ ಹೆಸರು ಮಾಡಿದ್ದ ಮಗಳು ನೋಡಲೇಬೇಕೆಂದು ಹಟ ಹಿಡಿದಿದ್ದಳು. ಮನೆಯಲ್ಲಿ ಒಬ್ಬರೇ ಕೂತು ಏನು ಮಾಡಲಿ ಎಂದು ಅತ್ತೆಯೂ ಹೊರಟಿದ್ದರು, ಒಂದು ಡಬ್ಬಿ ಚಕ್ಕುಲಿ, ಒಂದು ತಂಬಿಗೆ ನೀರಿನೊಂದಿಗೆ.

ಕೆಳಗೆ ಹೊಸದಾಗಿ ಹಾಸಿದ ಓಟದ ಪಥ, ಅದರ ನಡುವೆ ಹಸಿರು ಹುಲ್ಲು, ಸುತ್ತ ಎತ್ತರದ ದೀಪಗಳು. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರೆ, ಅತ್ತೆ ತಮ್ಮ ಪಾಡಿಗೆ ಕೈಯಲ್ಲಿ ಆ ಕಡೆ ಈ ಕಡೆ ಏನೋ ಅಳೆಯುತ್ತಿದ್ದರು. ಕೊನೆಗೆ ನನ್ನ ಮೊಣಕೈ ಅಲುಗಿಸಿ, "ಇಲ್ಲಿ ನೀರಿತ್ತು ಕಣೇ," ಎಂದರು.

"ಎಲ್ಲಿ ಅತ್ತೆ?"

"ಇಲ್ಲೇ. ನಾವು ಕೂತಿದೀವಲ್ಲ, ಇಲ್ಲೇ. ಇದು ಸಂಪಂಗಿ ಕೆರೆ."

ಪಥದ ಮೇಲೆ ಪಿಸ್ತೂಲು ಸಿಡಿಯಿತು, ಹುಡುಗಿಯರು ಓಡಿದರು, ಜನ ಕೂಗಿದರು. ಮಗಳು ಎದ್ದು ನಿಂತು ಚಪ್ಪಾಳೆ ತಟ್ಟಿದಳು. ಆದರೆ ನನ್ನ ಗಮನವೆಲ್ಲ ಆ ಮಾತಿನ ಮೇಲೆಯೇ ನಿಂತಿತು. ಮದುವೆಯಾಗಿ ಬೆಂಗಳೂರಿಗೆ ಬಂದು ಹದಿನೈದು ವರ್ಷವಾಗಿತ್ತು. ಆ ರಸ್ತೆಯಲ್ಲಿ ನೂರು ಸಲ ಬಸ್ಸಿನಲ್ಲಿ ಹೋಗಿದ್ದೆ. ಸಂಪಂಗಿರಾಮನಗರವೆಂದು ಕಂಡಕ್ಟರು ಕೂಗಿದಾಗಲೂ ಅದೊಂದು ಹೂವಿನ ಹೆಸರೆಂದುಕೊಂಡು ಸುಮ್ಮನಿದ್ದೆನೇ ಹೊರತು, ಹೆಸರಿನ ಹಿಂದೆ ಒಂದು ಕೆರೆ ಇದ್ದೀತೆಂದು ಅನ್ನಿಸಿರಲಿಲ್ಲ.

ಅತ್ತೆ ಹುಟ್ಟಿದ್ದು 1933ರಲ್ಲಿ, ಅಲ್ಲಿಂದ ಕೂಗಳತೆಯ ದೂರದಲ್ಲಿ. ಅವರು ಕಂಡದ್ದು ತುಂಬಿದ ಕೆರೆಯನ್ನಲ್ಲ. ಮಳೆಗಾಲದಲ್ಲಿ ಅಲ್ಲಲ್ಲಿ ನೀರು ನಿಲ್ಲುವ, ಬೇಸಿಗೆಯಲ್ಲಿ ಬಿರುಕು ಬಿಡುವ ಅಂಗಳವನ್ನು. ತುಂಬಿದ ಕೆರೆಯ ಕತೆ ಹೇಳುತ್ತಿದ್ದವರು ಅವರ ಅಜ್ಜಿ. "ನಮ್ಮಜ್ಜಿ ಸೊಪ್ಪು ಕೊಳ್ಳೋವಾಗೆಲ್ಲ ಸೊಪ್ಪಿನವಳ ಜೊತೆ ಆ ಕೆರೆ ನೆನೆಸಿಕೊಂಡು ಮಾತಾಡೋರು. ಯಾರೋ ಸತ್ತೋದ ನೆಂಟರ ಬಗ್ಗೆ ಮಾತಾಡ್ದಂಗೆ," ಎಂದರು ಅತ್ತೆ.

ಆ ಸಂಜೆಯಿಂದ ಶುರುವಾದ ನನ್ನ ಹುಡುಕಾಟ ಇಂದಿಗೂ ಪೂರ್ತಿ ಮುಗಿದಿಲ್ಲ. ಗ್ರಂಥಾಲಯದಲ್ಲಿ ಓದಿದ್ದು, ಹಿರಿಯರಿಂದ ಕೇಳಿದ್ದು, ಇತ್ತೀಚೆಗೆ ಸಂಶೋಧಕರು ಬರೆದದ್ದು ಎಲ್ಲವನ್ನೂ ಸೇರಿಸಿ ನನಗೆ ತಿಳಿದಷ್ಟನ್ನು ಹೇಳುತ್ತೇನೆ. ಅದಕ್ಕೆ ಮೊದಲು ನನ್ನದೇ ಒಂದು ಸಣ್ಣ ಕತೆಯನ್ನು ಹೇಳಿಬಿಡಬೇಕು. ಅದಿಲ್ಲದೆ ಈ ಕ್ರೀಡಾಂಗಣ ನನಗೇಕೆ ಅಷ್ಟು ಬೇಕಾಯಿತು ಎಂಬುದು ನಿಮಗೆ ತಿಳಿಯಲಾರದು.

ನಾನು ಹುಟ್ಟಿದ ಊರು ಚಿಕ್ಕದು. ಅಲ್ಲಿನ ಶಾಲೆಯ ಮೈದಾನವೆಂದರೆ ಸಂತೆ ಮುಗಿದ ಮೇಲೆ ಉಳಿಯುವ ಬಯಲು. ಸೌತೆಕಾಯಿಯ ಸಿಪ್ಪೆ, ಎತ್ತಿನ ಸಗಣಿ ಎಲ್ಲವನ್ನೂ ದಾಟಿಕೊಂಡು ಓಡಬೇಕು. ನಾನು ಓಡುತ್ತಿದ್ದೆ. ಚೆನ್ನಾಗಿಯೇ ಓಡುತ್ತಿದ್ದೆ. ಏಳನೆಯ ತರಗತಿಯಲ್ಲಿ ತಾಲ್ಲೂಕು ಮಟ್ಟದ ಕ್ರೀಡಾಕೂಟದಲ್ಲಿ 200 ಮೀಟರ್ ಓಟಕ್ಕೆ ಮೊದಲ ಬಹುಮಾನವಾಗಿ ಒಂದು ಸ್ಟೀಲ್ ಲೋಟ ಬಂದಿತ್ತು. ಆ ಲೋಟದಲ್ಲೇ ಅಪ್ಪ ಕಾಫಿ ಕುಡಿಯುತ್ತಿದ್ದರು, ಬಂದವರಿಗೆಲ್ಲ ಅದರ ಮೇಲೆ ಕೆತ್ತಿದ ಅಕ್ಷರ ತೋರಿಸುತ್ತಿದ್ದರು.

ಮರುವರ್ಷ, 1973ರಲ್ಲಿ, ನಾನು ದೊಡ್ಡವಳಾದೆ. ಜಿಲ್ಲಾ ಮಟ್ಟಕ್ಕೆ ಹೋಗುವವರ ಪಟ್ಟಿಯಲ್ಲಿ ನನ್ನ ಹೆಸರಿತ್ತು. ಆರತಿ ಎತ್ತಿ, ಕೊಬ್ಬರಿ ಬೆಲ್ಲ ತಿನ್ನಿಸಿದ ವಾರದಲ್ಲೇ ಅಜ್ಜಿ, "ಇನ್ನು ಓಟಗೀಟ ಸಾಕು. ಲಂಗ ಎತ್ತಿಕೊಂಡು ಓಡೋ ವಯಸ್ಸಲ್ಲ," ಎಂದರು. ಶಾಲೆಯ ಮೇಷ್ಟ್ರು ಕೂಡ ಜಗಳಕ್ಕೆ ನಿಲ್ಲಲಿಲ್ಲ. ಪಟ್ಟಿಯಲ್ಲಿ ನನ್ನ ಹೆಸರಿನ ಮೇಲೆ ಗೆರೆ ಎಳೆದು ಬೇರೊಬ್ಬಳದನ್ನು ಬರೆದರು. ಯಾರೂ ನನ್ನನ್ನು ಬೈಯಲಿಲ್ಲ, ಹೊಡೆಯಲಿಲ್ಲ. ಎಲ್ಲರೂ ಪ್ರೀತಿಯಿಂದಲೇ ನಿಲ್ಲಿಸಿದರು. ಅಪ್ಪ ಮಾತ್ರ ಅಂದಿನಿಂದ ಆ ಲೋಟವನ್ನು ಯಾರಿಗೂ ತೋರಿಸಲಿಲ್ಲ.

ಆಗ ಅದು ನಮ್ಮ ಊರಿನ ದಡ್ಡತನ ಎಂದುಕೊಂಡಿದ್ದೆ. ಆಮೇಲೆ ಓದಿದಾಗ ತಿಳಿಯಿತು, ಇಡೀ ಲೋಕವೇ ನಮ್ಮಜ್ಜಿಯ ಹಾಗೆ ಯೋಚಿಸುತ್ತಿತ್ತು ಎಂದು. ಒಲಿಂಪಿಕ್ಸ್‌ನಲ್ಲಿ ಹೆಂಗಸರಿಗೆ ಓಟದ ಸ್ಪರ್ಧೆಗಳು ಬಂದದ್ದೇ 1928ರಲ್ಲಿ, ಆಮ್‌ಸ್ಟರ್‌ಡ್ಯಾಮ್‌ನಲ್ಲಿ. ಅಲ್ಲಿ 800 ಮೀಟರ್ ಓಡಿದವರು ದಣಿದು ಬಿದ್ದರೆಂದು ಪತ್ರಿಕೆಗಳು ಗುಲ್ಲೆಬ್ಬಿಸಿದವು. ಹೆಂಗಸರ ಮೈಗೆ ಇದು ಹೊಂದದು ಎಂದು ದೊಡ್ಡವರೆಲ್ಲ ತೀರ್ಮಾನಿಸಿ ಆ ಓಟವನ್ನೇ ತೆಗೆದುಹಾಕಿದರು. ಅದು ಮರಳಿ ಬಂದದ್ದು 1960ರ ರೋಮ್ ಕೂಟದಲ್ಲಿ, ನಾನು ಹುಟ್ಟಿದ ವರ್ಷ. 400 ಮೀಟರ್ ಓಟ ಹೆಂಗಸರಿಗೆ ಸಿಕ್ಕಿದ್ದು 1964ರಲ್ಲಿ. ಮ್ಯಾರಥಾನ್ ಸಿಕ್ಕಿದ್ದು 1984ರಲ್ಲಿ. ಗಂಡಸರು ಓಡಿ ದಣಿದು ಬಿದ್ದರೆ ಅದು ಶೌರ್ಯ, ಹೆಂಗಸರು ಬಿದ್ದರೆ ಅದು ಸಾಕ್ಷಿ. ಇದನ್ನು ತಿಳಿದ ಮೇಲೆ ನನ್ನ ಅಜ್ಜಿಯ ಮೇಲಿದ್ದ ಸಿಟ್ಟು ಅರ್ಧ ಇಳಿಯಿತು.

ಇರಲಿ, ಕೆರೆಯ ಮಾತಿಗೆ ಬರೋಣ.

ಬೆಂಗಳೂರಿಗೆ ನದಿಯಿಲ್ಲ. ಹಿಂದಿನವರು ಮಳೆನೀರನ್ನು ಹಿಡಿದು ಕೆರೆ ಕಟ್ಟಿ, ಒಂದರ ಕೋಡಿ ಇನ್ನೊಂದಕ್ಕೆ ಹರಿಯುವಂತೆ ಮಾಡಿ ಬದುಕಿದರು. ಸಂಪಂಗಿ ಕೆರೆಯೂ ಅಂಥದ್ದರಲ್ಲಿ ಒಂದು. ಕೆಂಪೇಗೌಡರ ಕಾಲದ್ದೆಂದು ಹೇಳುತ್ತಾರೆ. 1809ರಲ್ಲಿ ಬ್ರಿಟಿಷರು ದಂಡು ಪ್ರದೇಶವನ್ನು ಸ್ಥಾಪಿಸಿದ ಮೇಲೆ ಈ ಕೆರೆಗೆ ವಿಚಿತ್ರವಾದ ಸ್ಥಾನ ಬಂತು. ಅದರ ಒಂದು ಕಡೆ ಕಿಕ್ಕಿರಿದ ಪೇಟೆ, ಇನ್ನೊಂದು ಕಡೆ ಅಗಲ ರಸ್ತೆಗಳ, ಬಂಗಲೆಗಳ ದಂಡು. ಎರಡು ಊರುಗಳ ನಡುವೆ ಒಂದು ನೀರಿನ ಗಡಿ. 1949ರಲ್ಲಿ ಎರಡೂ ಸೇರಿ ಒಂದೇ ಕಾರ್ಪೊರೇಷನ್ ಆಗುವ ಹೊತ್ತಿಗೆ ಆ ಗಡಿಯಲ್ಲಿ ನೀರೇ ಇರಲಿಲ್ಲ.

ಕೆರೆಯ ಸುತ್ತ ತೋಟ ಮಾಡುತ್ತಿದ್ದವರು ಹೆಚ್ಚಾಗಿ ತಿಗಳರು, ಅಂದರೆ ವಹ್ನಿಕುಲ ಕ್ಷತ್ರಿಯರು. ಸೊಪ್ಪು, ತರಕಾರಿ, ಹೂವು ಬೆಳೆದು ಪೇಟೆಗೂ ದಂಡಿಗೂ ಕೊಡುತ್ತಿದ್ದರು. ಅವರ ಹೆಂಗಸರು ಬುಟ್ಟಿ ಹೊತ್ತು ಮನೆಮನೆಗೆ ಮಾರುತ್ತಿದ್ದರು. ನಮ್ಮತ್ತೆಯ ಅಜ್ಜಿ ಮಾತಾಡಿಸುತ್ತಿದ್ದ ಸೊಪ್ಪಿನವಳು ಅಂಥವರಲ್ಲೊಬ್ಬಳು. ಕೆರೆ ದನಕರುಗಳಿಗೆ ನೀರು ಕೊಟ್ಟಿತು, ಮಣ್ಣು ಇಟ್ಟಿಗೆಗೆ ಒದಗಿತು, ಊರಿನ ಬಾವಿಗಳಲ್ಲಿ ಊಟೆ ಉಳಿಸಿತು.

ಬೆಂಗಳೂರಿಗೆ ನಲ್ಲಿ ನೀರು ಬಂದದ್ದೇ ಈ ಕೆರೆಗೆ ಮುಳುವಾಯಿತು. ಶೇಷಾದ್ರಿ ಅಯ್ಯರ್ ಅವರು ಮೈಸೂರಿನ ದಿವಾನರಾಗಿದ್ದಾಗ, 1894ರಲ್ಲಿ, ಅರ್ಕಾವತಿ ಹೊಳೆಯ ಹೆಸರಘಟ್ಟದಲ್ಲಿ ಜಲಾಶಯ ಸಿದ್ಧವಾಯಿತು. ಮುಂದೆ 1933ರಲ್ಲಿ ತಿಪ್ಪಗೊಂಡನಹಳ್ಳಿ, 1974ರಲ್ಲಿ ಕಾವೇರಿ. ಕೊಳಾಯಿ ತಿರುಗಿಸಿದರೆ ನೀರು ಬರುವಾಗ ಕೆರೆಯ ಕಡೆ ನೋಡುವವರು ಯಾರು? ಹೆಂಗಸರಿಗೆ ಬಿಂದಿಗೆ ಹೊರುವ ಕಷ್ಟ ತಪ್ಪಿತು, ಅದೊಂದು ದೊಡ್ಡ ಪುಣ್ಯವೇ. ಅದನ್ನು ನಾನು ಅಲ್ಲಗಳೆಯಲಾರೆ. ಆದರೆ ಕುಡಿಯುವ ನೀರಿಗೆ ಬೇಡವಾದ ಕೆರೆ ಊರಿಗೇ ಬೇಡವಾಯಿತು. ಅದಕ್ಕೆ ನೀರು ತರುತ್ತಿದ್ದ ಕಾಲುವೆಗಳು ರಸ್ತೆ ಕಟ್ಟಡಗಳ ಕೆಳಗೆ ಸಿಕ್ಕಿಹಾಕಿಕೊಂಡವು.

ಹರಿಣಿ ನಾಗೇಂದ್ರ, ಹಿತಾ ಉನ್ನಿಕೃಷ್ಣನ್ ಮುಂತಾದ ಸಂಶೋಧಕರು ಹಳೆಯ ಸರ್ಕಾರಿ ಕಡತಗಳನ್ನೂ ನಕ್ಷೆಗಳನ್ನೂ ಹುಡುಕಿ ಈ ಕೆರೆ ಹೇಗೆ ಕ್ರೀಡಾಂಗಣವಾಯಿತೆಂದು ಬರೆದಿದ್ದಾರೆ. ಅದನ್ನು ಓದುವಾಗ ನನಗೆ ಒಂದು ದೊಡ್ಡ ಕುಟುಂಬದ ಆಸ್ತಿ ಜಗಳ ಕಣ್ಣಿಗೆ ಕಟ್ಟಿತು. ತೋಟಗಾರರಿಗೆ ಕೆರೆಯಲ್ಲಿ ನೀರು ಬೇಕು. ಇಟ್ಟಿಗೆಯವರಿಗೆ ಮಣ್ಣು ಬೇಕು. ಬಂಗಲೆಯವರಿಗೆ ಕಣ್ಣಿಗೆ ಚೆಂದವಾದ ನೋಟ ಬೇಕು. ಕುದುರೆ ಏರಿ ಪೋಲೊ ಆಡುವ ದೊರೆಗಳಿಗೆ ಒಣಗಿದ ಸಮತಟ್ಟಾದ ನೆಲ ಬೇಕು. ಎಲ್ಲರೂ ಸರ್ಕಾರಕ್ಕೆ ಅರ್ಜಿ ಹಾಕಿದರು. ತಿಗಳರೂ ಹಾಕಿದರು. ಯಾರ ಅರ್ಜಿಗೆ ತೂಕ ಹೆಚ್ಚಿತೆಂದು ಹೇಳಬೇಕಾಗಿಲ್ಲ. ಕೆರೆ ವರ್ಷ ವರ್ಷಕ್ಕೂ ಕುಗ್ಗಿತು. 1946ರಲ್ಲಿ ಅಲ್ಲಿ ಕ್ರೀಡಾಂಗಣ ಬಂತು. ಉಳಿದದ್ದು ಒಂದು ಮೂಲೆಯಲ್ಲಿ ಒಂದು ಚಿಕ್ಕ ಕುಂಟೆ.

ಇದೊಂದೇ ಅಲ್ಲ. ಧರ್ಮಾಂಬುಧಿ ಕೆರೆ ಈಗ ಮೆಜೆಸ್ಟಿಕ್ಕಿನ ಬಸ್ ನಿಲ್ದಾಣ. ಅಕ್ಕಿತಿಮ್ಮನಹಳ್ಳಿ ಕೆರೆಯ ಜಾಗದಲ್ಲಿ ಹಾಕಿ ಕ್ರೀಡಾಂಗಣ. ಶೂಲೆ ಕೆರೆಯ ಜಾಗದಲ್ಲಿ ಫುಟ್‌ಬಾಲ್ ಕ್ರೀಡಾಂಗಣ. ಬತ್ತಿದ ಕೆರೆ ಎಂದರೆ ಊರ ನಡುವೆ ಯಾರ ಮನೆಯನ್ನೂ ಒಡೆಯದೆ ಸಿಗುವ ದೊಡ್ಡ ಬಯಲು. ಆಟಕ್ಕೆ ಹೇಳಿ ಮಾಡಿಸಿದ್ದು.

ಆ ಸಂಜೆಯ ಆಟದಲ್ಲಿ ನಮ್ಮತ್ತೆಗೆ ಅರ್ಥವಾಗದ ಒಂದು ಸಂಗತಿಯಿತ್ತು. 400 ಮೀಟರ್ ಓಟಕ್ಕೆ ಹುಡುಗಿಯರು ನಿಂತಾಗ ಒಬ್ಬೊಬ್ಬಳು ಒಂದೊಂದು ಕಡೆ ನಿಂತಿದ್ದರು. ಒಳಗಿನವಳು ಹಿಂದೆ, ಅಂಚಿನವಳು ಎಷ್ಟೋ ಮುಂದೆ.

"ಇದೆಂಥಾ ಪಂದ್ಯ? ಆ ಹುಡುಗಿ ಆಗಲೇ ಮುಂದಿದಾಳಲ್ಲ! ಮೋಸ ಅಲ್ವೇನೇ?" ಎಂದು ಅತ್ತೆ ರೇಗಿದರು.

ಮಗಳು ನಗುತ್ತ ಬಿಡಿಸಿ ಹೇಳಿದಳು. "ಮೋಸ ಅಲ್ಲ ಅಜ್ಜಿ. ಹೊರಗಿನ ಸುತ್ತು ಉದ್ದ. ಎಲ್ಲರನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸಿದ್ರೆ ಅಂಚಿನವಳು ಜಾಸ್ತಿ ಓಡಬೇಕಾಗತ್ತೆ. ಅದಕ್ಕೇ ಅವಳನ್ನ ಅಷ್ಟು ಮುಂದೆ ನಿಲ್ಲಿಸೋದು. ಆಗ ಎಲ್ಲರಿಗೂ ಸರಿಯಾಗಿ ನಾನೂರು ಮೀಟರೇ."

ಎಂಟನೆಯ ಲೇನಿನವಳನ್ನು ಸುಮಾರು 53 ಮೀಟರ್ ಮುಂದೆ ನಿಲ್ಲಿಸುತ್ತಾರೆ ಎಂದು ಆಮೇಲೆ ತಿಳಿಯಿತು. ಅತ್ತೆ ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದ್ರೆ ನ್ಯಾಯವೇ," ಎಂದರು. ಮತ್ತೆ ತಮ್ಮಷ್ಟಕ್ಕೇ, "ಮನೇಲಿ ಮಾತ್ರ ಹೀಗೆ ಯಾರೂ ಲೆಕ್ಕ ಹಾಕಲ್ಲ," ಎಂದರು.

ಹದಿನಾರಕ್ಕೆ ಮದುವೆಯಾಗಿ, ಐದು ಮಕ್ಕಳನ್ನು ಹೆತ್ತು, ಮೂವರನ್ನು ಉಳಿಸಿಕೊಂಡ ಹೆಂಗಸು ಅವರು. ಅವರ ಗಂಡ, ಮೈದುನಂದಿರು ಓದಿದ ಮನೆಯಲ್ಲಿ ಅವರೂ ಒಳ್ಳೆಯ ಜಾಣೆ. ಕೂಡುವ ಕಳೆಯುವ ಲೆಕ್ಕವನ್ನು ಬೆರಳಲ್ಲೇ ಮುಗಿಸುವವರು. ಎಲ್ಲರೂ ಒಂದೇ ಗೆರೆಯಲ್ಲಿ ಹೊರಟರೂ ಅವರ ಸುತ್ತು ಉದ್ದವಿತ್ತು ಎಂಬುದನ್ನು ನಾನು ಅಂದು ಮೊದಲ ಬಾರಿಗೆ ಕಂಡೆ.

ಅವರೇ ಮನೆಗೆ ಹೋಗುವ ದಾರಿಯಲ್ಲಿ, "ಇವಳನ್ನ ಇಲ್ಲಿಗೆ ಕಳಿಸೋಣ. ಓಡಲಿ," ಎಂದು ತೀರ್ಪು ಕೊಟ್ಟವರು. ನನ್ನ ಗಂಡ ಓದು ಹಾಳಾಗುತ್ತದೆಂದು ಗೊಣಗಿದರು. "ಓದೋಳು ಓಡಿದ್ರೂ ಓದ್ತಾಳೆ ಬಿಡೋ," ಎಂದು ಅತ್ತೆ ಅವರ ಬಾಯಿ ಮುಚ್ಚಿಸಿದರು.

ಹೀಗೆ ನಾನು ಕಾಯುವ ತಾಯಂದಿರ ಗುಂಪಿಗೆ ಸೇರಿದೆ. ಕಂಠೀರವದ ಮೆಟ್ಟಿಲುಗಳಿಗೆ ಈ ಗುಂಪು ಹೊಸದಲ್ಲ. ಕೊಡಗಿನ ಅಶ್ವಿನಿ ನಾಚಪ್ಪ ಓಡಿ ಬೆಳೆದದ್ದು ಈ ಅಂಗಳದಲ್ಲೇ. ಪಿ. ಟಿ. ಉಷಾ ಅವರನ್ನು ಹಿಂದೆ ಹಾಕಿದ ಅಶ್ವಿನಿ 1988ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. 1986ರ ಸೋಲ್ ಏಷ್ಯನ್ ಕ್ರೀಡಾಕೂಟದಲ್ಲಿ 4x400 ರಿಲೇ ಚಿನ್ನ ಗೆದ್ದ ತಂಡದಲ್ಲಿ ಉಷಾ, ಶೈನಿ, ವಲ್ಸಮ್ಮ ಅವರೊಂದಿಗೆ ನಮ್ಮ ರಾಜ್ಯದ ವಂದನಾ ರಾವ್ ಇದ್ದರು. ಅವರ ಹೆಸರುಗಳನ್ನು ನಾವು ಮೆಟ್ಟಿಲಲ್ಲಿ ಕೂತು, ಬೇರೆ ಹೆಂಗಸರು ದೇವಸ್ಥಾನದ ಕಟ್ಟೆಯಲ್ಲಿ ದಾಸರ ಪದ ನೆನೆಯುವಂತೆ ನೆನೆಯುತ್ತಿದ್ದೆವು. ಒಬ್ಬರ ಕೈಯಲ್ಲಿ ಅವರೆಕಾಳು, ಸುಲಿಯುತ್ತ ಮಾತು. ಇನ್ನೊಬ್ಬರ ಕೈಯಲ್ಲಿ ಹೆಣಿಗೆ. ಒಬ್ಬಾಕೆ ಅಲ್ಲೇ ಪರೀಕ್ಷೆಯ ಪತ್ರಿಕೆ ತಿದ್ದುತ್ತಿದ್ದರು. ಕೆಲವರು ಯಲಹಂಕದಿಂದ, ಕೆಂಗೇರಿಯಿಂದ ಎರಡೆರಡು ಬಸ್ಸು ಬದಲಾಯಿಸಿ ಬರುತ್ತಿದ್ದರು. ಮಗಳು ದೊಡ್ಡವಳಾದಾಗ ನಿಲ್ಲಿಸಬೇಕೋ ಬೇಡವೋ, ಆ ದಿನಗಳಲ್ಲಿ ಓಡಬಹುದೋ ಇಲ್ಲವೋ, ಚಡ್ಡಿ ಹಾಕಿ ಓಡುವುದನ್ನು ಮಾವನವರಿಗೆ ಹೇಗೆ ಹೇಳುವುದು, ಇವೆಲ್ಲ ಅಲ್ಲಿ ಪಿಸುಮಾತಿನಲ್ಲಿ ಇತ್ಯರ್ಥವಾಗುತ್ತಿದ್ದವು. ನನ್ನ ಮಗಳು ದೊಡ್ಡವಳಾದ ವಾರವೂ ಬಂತು. ಆರತಿ ಎತ್ತಿದೆವು, ಕೊಬ್ಬರಿ ಬೆಲ್ಲ ಕೊಟ್ಟೆವು. ಐದನೆಯ ದಿನ ಅತ್ತೆಯೇ ಅವಳ ಓಟದ ಬೂಟನ್ನು ಒರೆಸಿ ಬಾಗಿಲಲ್ಲಿಟ್ಟರು. ನಾನು ಅಡುಗೆಮನೆಗೆ ಹೋಗಿ ಸುಮ್ಮನೆ ಸ್ವಲ್ಪ ಹೊತ್ತು ನಿಂತಿದ್ದೆ.

ಆ ವರ್ಷದ ಚೈತ್ರ ಹುಣ್ಣಿಮೆಗೆ ಅತ್ತೆ ನನ್ನನ್ನು ಕರಗ ನೋಡಲು ಕರೆದುಕೊಂಡು ಹೋದರು. ಬೆಂಗಳೂರಿನ ಕರಗದ ಬಗ್ಗೆ ನೀವೂ ಕೇಳಿರುತ್ತೀರಿ. ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಹೊರಡುವ, ದ್ರೌಪದಿಯ ಹಬ್ಬ ಅದು. ತಿಮಿರಾಸುರನನ್ನು ಎದುರಿಸಲು ದ್ರೌಪದಿ ವೀರಕುಮಾರರನ್ನು ಸೃಷ್ಟಿಸಿದಳು, ಯುದ್ಧ ಮುಗಿದ ಮೇಲೆ ಹೋಗಬೇಡ ತಾಯಿ ಎಂದು ಅವರು ಬೇಡಿಕೊಂಡಾಗ ವರ್ಷಕ್ಕೊಮ್ಮೆ ಬರುತ್ತೇನೆಂದು ಮಾತು ಕೊಟ್ಟಳು ಎಂಬುದು ಅವರ ನಂಬಿಕೆ. ಹುಣ್ಣಿಮೆಗೆ ಮೊದಲು ನಡೆಯುವ ಹಸಿ ಕರಗದ ವಿಧಿ ಇಂದಿಗೂ ನಡೆಯುವುದು ಸಂಪಂಗಿ ಕೆರೆಯಂಗಳದಲ್ಲಿ. ಊರೆಲ್ಲ ಅದನ್ನು ಕ್ರೀಡಾಂಗಣ ಎಂದರೂ ಆ ಜನಕ್ಕೆ ಅದು ಕೆರೆಯೇ. ಅರ್ಜಿ ಸೋತರೂ ಹಕ್ಕನ್ನು ಅವರು ಬಿಟ್ಟಿಲ್ಲ. ವರ್ಷಕ್ಕೊಮ್ಮೆ ಬಂದು, ಉಳಿದ ಅಷ್ಟು ನೀರಿನ ಮುಂದೆ ನಿಂತು, ಇದು ನಮ್ಮದು ಎಂದು ದೇವರ ಸಾಕ್ಷಿಯಾಗಿ ಹೇಳಿ ಹೋಗುತ್ತಾರೆ.

ಹುಣ್ಣಿಮೆಯ ನಡುರಾತ್ರಿ ಪೇಟೆಯ ಒಂದು ಜಗಲಿಯ ಮೇಲೆ ನಾವು ಒತ್ತೊತ್ತಾಗಿ ನಿಂತಿದ್ದೆವು. "ಗೋವಿಂದಾ ಗೋವಿಂದ" ಎಂಬ ಕೂಗು ಹತ್ತಿರವಾಯಿತು. ಬರಿಮೈಯ ವೀರಕುಮಾರರು ಕತ್ತಿ ಹಿಡಿದು ಬಂದರು. ಅವರ ನಡುವೆ ಕರಗ ಹೊತ್ತ ಪೂಜಾರಿ. ಸೀರೆ ಉಟ್ಟು, ಬಳೆ ತೊಟ್ಟು, ಮಾಂಗಲ್ಯ ಧರಿಸಿ, ತಲೆಯ ಮೇಲೆ ಮಲ್ಲಿಗೆಯಲ್ಲಿ ಮುಚ್ಚಿದ ಕರಗವನ್ನು ಕೈಯಿಂದ ಮುಟ್ಟದೆ, ಆತ ನಡೆಯುತ್ತಿರಲಿಲ್ಲ, ಓಡುತ್ತಿದ್ದರು. ಕಣ್ಣು ಮಿಟುಕಿಸುವುದರೊಳಗೆ ನಮ್ಮೆದುರು ಹಾದುಹೋದರು. ಮಲ್ಲಿಗೆಯ ವಾಸನೆ ಮಾತ್ರ ಉಳಿಯಿತು.

"ನೋಡಿದ್ಯಾ, ಸೀರೆ ಉಟ್ಟುಕೊಂಡು ಹೇಗೆ ಓಡ್ತಾಳೆ ತಾಯಿ," ಎಂದು ಅತ್ತೆ ಕೈ ಮುಗಿದರು.

ನಾನೂ ಮುಗಿದೆ. ಆದರೆ ಮನಸ್ಸಿನಲ್ಲಿ ಬೇರೊಂದು ಮಾತು ಕೊರೆಯುತ್ತಿತ್ತು. ಆತ ತೊಟ್ಟ ಬಳೆ, ಮಾಂಗಲ್ಯ ಅವರ ಹೆಂಡತಿಯದು ಎನ್ನುತ್ತಾರೆ. ಆಕೆ ಆ ದಿನಗಳಲ್ಲಿ ಕರಗವನ್ನು ನೋಡುವಂತಿಲ್ಲ ಎಂಬ ಕಟ್ಟಳೆಯೂ ಇದೆಯಂತೆ. ಹೆಣ್ಣಿನ ಶಕ್ತಿ ಊರೆಲ್ಲ ಓಡಾಡುವ ರಾತ್ರಿ ಒಬ್ಬ ಹೆಣ್ಣು ಬಾಗಿಲು ಹಾಕಿಕೊಂಡು ಕೂತಿರುತ್ತಾಳೆ. ಅದು ಅವರ ನಂಬಿಕೆ, ಅದನ್ನು ತಪ್ಪೆನ್ನಲು ನಾನು ಯಾರು? ಆದರೂ ಅಂದು ರಾತ್ರಿ ನಾನು ನೆನೆದದ್ದು ಆ ತಾಯಿಯನ್ನು. ಅವಳ ಜೊತೆಗೆ, ಸ್ಟೀಲ್ ಲೋಟ ಗೆದ್ದ ಹದಿಮೂರು ವರ್ಷದ ಒಂದು ಹುಡುಗಿಯನ್ನು.

ನನ್ನ ಮಗಳು ದೊಡ್ಡ ಓಟಗಾರ್ತಿಯಾದಳೇ ಎಂದು ನೀವು ಕೇಳಬಹುದು. ಇಲ್ಲ. ರಾಜ್ಯ ಮಟ್ಟದ ಒಂದು ಕೂಟದಲ್ಲಿ ನಾಲ್ಕನೆಯವಳಾದದ್ದೇ ಅವಳ ದೊಡ್ಡ ಸಾಧನೆ. ಅಂದು ಅವಳು ಅತ್ತಾಗ ನಾನು 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನ 400 ಮೀಟರ್ ಹರ್ಡಲ್ಸ್‌ನ ಕತೆ ಹೇಳಿದೆ. ಸೆಕೆಂಡಿನ ನೂರರಲ್ಲೊಂದು ಭಾಗದಿಂದ ಪದಕ ತಪ್ಪಿ ಉಷಾ ಅವರೂ ನಾಲ್ಕನೆಯವರಾಗಿದ್ದರಲ್ಲ. "ಅಮ್ಮಾ, ನನಗೂ ಮೂರನೆಯವಳಿಗೂ ಎರಡು ಸೆಕೆಂಡ್ ಇತ್ತು," ಎಂದು ಮಗಳು ಮೂಗು ಒರೆಸಿಕೊಂಡು ನಕ್ಕಳು. ಆಮೇಲೆ ಮಂಡಿ ನೋವು ಬಂತು. ಕಾಲೇಜು, ಬ್ಯಾಂಕಿನ ಕೆಲಸ, ಮದುವೆ. ಓಟ ನಿಂತಿತು. ಆದರೆ ನಿಲ್ಲಿಸಿದವಳು ಅವಳೇ, ಬೇರೆ ಯಾರೂ ಅವಳ ಹೆಸರಿನ ಮೇಲೆ ಗೆರೆ ಎಳೆಯಲಿಲ್ಲ. ನನಗೆ ಬೇಕಾಗಿದ್ದುದು ಅಷ್ಟೇ ಎಂದು ಈಗ ಅನ್ನಿಸುತ್ತದೆ.

ಕಂಠೀರವವಂತೂ ಆಟಕ್ಕಿಂತ ದೊಡ್ಡದಾಗಿ ಬೆಳೆಯಿತು. ಸುಮಾರು 25 ಸಾವಿರ ಜನ ಕೂರಬಲ್ಲ ಆ ಅಂಗಳ ಊರಿನ ಹಜಾರದಂತಾಯಿತು. 2006ರ ಏಪ್ರಿಲ್‌ನಲ್ಲಿ ಡಾ. ರಾಜ್‌ಕುಮಾರ್ ತೀರಿಕೊಂಡಾಗ ಅವರನ್ನು ಕೊನೆಯ ಸಲ ನೋಡಲು ಜನ ಅಲ್ಲಿಗೇ ನುಗ್ಗಿದರು. 2021ರ ಅಕ್ಟೋಬರ್‌ನಲ್ಲಿ ಪುನೀತ್ ಅವರಿಗೂ ಅಲ್ಲೇ ಕಣ್ಣೀರಿನ ಸಾಲು. 2013ರಲ್ಲಿ, ಮತ್ತೆ 2023ರಲ್ಲಿ ಸಿದ್ದರಾಮಯ್ಯನವರು ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದ್ದು ಅಲ್ಲೇ. 2017ರ ಜುಲೈನಲ್ಲಿ ಏಷ್ಯಾ ಮಹಿಳಾ ಬ್ಯಾಸ್ಕೆಟ್‌ಬಾಲ್ ಕೂಟ ಬೆಂಗಳೂರಿನಲ್ಲಿ ನಡೆದಾಗ, ಕಂಠೀರವದ ಒಳಾಂಗಣ ಕ್ರೀಡಾಂಗಣವೂ ಅದರ ಅಂಗಳವಾಗಿತ್ತು. ಆ ಕೂಟದ ಎರಡನೆಯ ವಿಭಾಗದ ಫೈನಲಿನಲ್ಲಿ ನಮ್ಮ ಹುಡುಗಿಯರು ಕಜಕಸ್ತಾನವನ್ನು 75-73ರಿಂದ ಸೋಲಿಸಿದರು. 2025ರ ಜುಲೈನಲ್ಲಿ ನೀರಜ್ ಚೋಪ್ರಾ ಇಲ್ಲೇ ತಮ್ಮ ಹೆಸರಿನ ಕೂಟದಲ್ಲಿ ಭರ್ಜಿ ಎಸೆದು ಗೆದ್ದರು.

ಜಗಳವೂ ಬೆಳೆಯಿತು. ಅಂಗಳ ಒಂದೇ, ಕೇಳುವವರು ಹಲವರು. ಫುಟ್‌ಬಾಲ್ ಪಂದ್ಯಗಳಿಗೆ ಕೊಟ್ಟರೆ ಓಟಗಾರರು ಎಲ್ಲಿ ಅಭ್ಯಾಸ ಮಾಡಬೇಕೆಂದು ಹಿರಿಯ ಕ್ರೀಡಾಪಟುಗಳು ದನಿ ಎತ್ತಿದ್ದು ಪತ್ರಿಕೆಗಳಲ್ಲಿ ಬಂತು. ಅದನ್ನು ಓದಿದಾಗ ನನಗೆ ಹಳೆಯ ಅರ್ಜಿಗಳು ನೆನಪಾದವು. ಆಗ ನೀರು ಬೇಕೆಂದವರು, ಈಗ ಓಟದ ಪಥ ಬೇಕೆಂದವರು. ನೆಲದ ಹಸಿವು ಮಾತ್ರ ಹಾಗೇ ಇದೆ. ಮಳೆ ಜೋರಾದ ವರ್ಷಗಳಲ್ಲಿ ಬೆಂಗಳೂರಿನ ತಗ್ಗು ಬಡಾವಣೆಗಳಲ್ಲಿ ಮನೆಯೊಳಗೆ ನೀರು ನುಗ್ಗುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಜನರನ್ನು ದೋಣಿಯಲ್ಲಿ, ಟ್ರ್ಯಾಕ್ಟರಿನಲ್ಲಿ ಸಾಗಿಸಿದ್ದನ್ನು ನಾವೆಲ್ಲ ಟಿ.ವಿ.ಯಲ್ಲಿ ಕಂಡೆವು. ನೀರಿಗೆ ತನ್ನ ಮನೆಯ ದಾರಿ ಮರೆತಿಲ್ಲ.

ಆದ್ದರಿಂದ ನನಗೆ ಈ ಅಂಗಳದ ಬಗ್ಗೆ ಯೋಚಿಸಿದಾಗಲೆಲ್ಲ ಎರಡು ಮನಸ್ಸು. ಕೆರೆ ಉಳಿದಿದ್ದರೆ ನನ್ನ ಮಗಳು ಎಲ್ಲಿ ಓಡುತ್ತಿದ್ದಳು? ಮಗಳು ಓಡಿದಳೆಂದು ಸಂತೋಷಪಡುವಾಗ, ಆ ಸೊಪ್ಪಿನವಳ ತೋಟ ಒಣಗಿದ್ದನ್ನು ಮರೆಯಲಾದೀತೇ? ಒಬ್ಬರ ಬಾಯಿಂದ ತೆಗೆದದ್ದನ್ನು ಇನ್ನೊಬ್ಬರ ತಟ್ಟೆಗೆ ಬಡಿಸಿದಾಗ, ಉಂಡವರು ಕಡೇಪಕ್ಷ ಅದು ಯಾರ ಪಾಲೆಂದು ತಿಳಿದಿರಬೇಕು. ಉಂಡದ್ದನ್ನು ಹಿಂದಿರುಗಿಸಲು ಆಗುವುದಿಲ್ಲ. ಆದರೆ ಇನ್ನೊಂದು ಕೆರೆಯ ಮೇಲೆ ಯಾರಾದರೂ ಕಣ್ಣು ಹಾಕಿದಾಗ ಬಾಯಿ ಬಿಡಬಹುದು. ನಮ್ಮ ಬಡಾವಣೆಯ ಪಕ್ಕದ ಕೆರೆಯಂಚಿನಲ್ಲಿ ಮಣ್ಣು ಸುರಿಯಲು ಲಾರಿಗಳು ಬಂದಾಗ, ಎಂದೂ ಅರ್ಜಿಗೆ ಸಹಿ ಹಾಕದಿದ್ದ ನಾನು ಹಾಕಿದೆ. ಮನೆಮನೆಗೆ ಹೋಗಿ ಹೆಂಗಸರಿಂದ ಹಾಕಿಸಿದೆ. ನಲವತ್ತೆರಡು ಸಹಿ. ಲಾರಿಗಳು ಸದ್ಯಕ್ಕೆ ನಿಂತಿವೆ.

ಅತ್ತೆ ತೀರಿಕೊಂಡು ಹಲವು ವರ್ಷಗಳಾದವು. ಕೊನೆಯ ದಿನಗಳಲ್ಲಿ ಅವರಿಗೆ ನೆನಪು ತಪ್ಪುತ್ತಿತ್ತು. ಒಂದು ಸಂಜೆ ನನ್ನ ಕೈ ಹಿಡಿದು, "ಕೆರೆ ತುಂಬಿದೆಯೇನೇ?" ಎಂದು ಕೇಳಿದರು. ಅವರು ಎಂದೂ ತುಂಬಿದ್ದನ್ನು ಕಾಣದ ಕೆರೆ. ಅವರ ಅಜ್ಜಿಯ ಕೆರೆ. ನಾನು ತುಂಬಿದೆ ಎಂದೆ.

ಕಳೆದ ಬೇಸಿಗೆಯಲ್ಲಿ ಮೊಮ್ಮಗಳು ರಜಕ್ಕೆ ಬಂದಿದ್ದಳು. ಎಂಟು ವರ್ಷದವಳು. ಅವಳನ್ನು ಕರೆದುಕೊಂಡು ಆ ಕಡೆ ಹೋದೆ. ಸಂಪಂಗಿ ಕೆರೆಯೆಂದು ಉಳಿದಿರುವ ಆ ಕುಂಟೆಯನ್ನು ಬೇಲಿಯಾಚೆಯಿಂದ ತೋರಿಸಿದೆ.

"ಇಷ್ಟೇನಾ ಅಜ್ಜಿ ಕೆರೆ?"

"ಅಲ್ಲ ಪುಟ್ಟಿ. ಅಲ್ಲಿಂದ ಅಲ್ಲೀವರೆಗೂ," ಎಂದು ಕೈ ಚಾಚಿದೆ. ಅಂದು ಅತ್ತೆ ಮೆಟ್ಟಿಲ ಮೇಲೆ ಅಳೆದ ಹಾಗೆಯೇ.

ಅವಳು ನನ್ನ ಕೈ ಹೋದ ಕಡೆಯೆಲ್ಲ ನೋಡಿದಳು. ಕ್ರೀಡಾಂಗಣದ ಗೋಡೆ, ದೀಪದ ಕಂಬಗಳು, ಅದರಾಚೆ ಮರಗಳು. ಸ್ವಲ್ಪ ಹೊತ್ತು ಬಿಟ್ಟು, "ಅಲ್ಲೀವರೆಗೂ ಓಡಿ ತೋರಿಸಲಾ?" ಎಂದು ಕೇಳಿದಳು.

"ಓಡು," ಎಂದೆ.